ಬ್ಯಾಚುಲರ್ ಗೋವರ್ಧನನ ಸೋಪಿನ ಬ್ಯಾಚು

ಗೋವರ್ಧನನ ಕಷ್ಟಕ್ಕೆಲ್ಲ ಕಾರಣ ಒಂದು ಬಟನ್ನು. ಇದ್ದ ಬಟನ್ನಲ್ಲ, ಇಲ್ಲದ ಬಟನ್ನು. ಚಳ್ಳಕೆರೆಯ ಜಯದೇವಪ್ಪನೋರ ಸೋಪಿನ ಫ್ಯಾಕ್ಟ್ರಿಗೆ ಬೆಂಗಳೂರಿನ ಕಂಪನಿಯೋರು ಕಳಿಸಿದ ಸಾಫ್ಟ್‌ವೇರಲ್ಲಿ ಸೇರಿಸೋಕೆ ಬಟನ್ ಇತ್ತು, ಸೇವ್ ಮಾಡೋಕೆ ಬಟನ್ ಇತ್ತು, ಅಳಿಸೋಕೆ ಮಾತ್ರ ಇರಲಿಲ್ಲ. ಒಳಗೆ ಹೋದದ್ದು ಹೋಯ್ತು. ಊರೋರ ಬಾಯಿಗೆ ಬಿದ್ದ ಸುದ್ದಿ ಥರ, ವಾಪಸ್ ತಗೊಳ್ಳೋ ಹಾಗೇ ಇಲ್ಲ.

ಕಂಪ್ಯೂಟರ್ ರೂಮಿಗೆ ಚಪ್ಪಲಿ ಬಿಟ್ಟು ಹೋಗ್ತಿದ್ದ ಕಾಲ ಅದು. ಬಿಎಸ್ಸಿ ಕೆಮಿಸ್ಟ್ರಿ ಓದಿದ್ದ ಗೋವರ್ಧನ ಆ ಫ್ಯಾಕ್ಟ್ರಿಯ ಏಕೈಕ ಕೆಮಿಸ್ಟು, ಏಕೈಕ ಕಂಪ್ಯೂಟರ್ ಬಲ್ಲೋನು, ಮತ್ತು ಬೈಸಿಕೊಳ್ಳೋಕೆ ಇದ್ದ ಏಕೈಕ ಆಸಾಮಿ. ಬೆಟ್ಟ ಅಗೆದು ಇಲಿ ಹಿಡಿದ್ರು ಅಂತಾರಲ್ಲ, ಇಲ್ಲಿ ಗೋವರ್ಧನ ಅನ್ನೋ ಬೆಟ್ಟವೇ ಮೌಸ್ ಅನ್ನೋ ಇಲಿ ಹಿಡ್ಕೊಂಡು ದಿನವಿಡೀ ಕೂತಿರ್ತಿತ್ತು.

ಅಲ್ಲಿ ತಯಾರಾಗ್ತಿದ್ದ ಸೋಪು ಮೈಗೆ ಹಚ್ಚೋದಲ್ಲ. ರೇಷ್ಮೆ ನೂಲಿಗೆ ಹುಟ್ಟಿನಿಂದ ಬರೋ ಅಂಟು ಬಿಡಿಸೋ ಸೋಪು. ಶೇಂಗಾ ಎಣ್ಣೆಗೆ ಕಾಸ್ಟಿಕ್ ಸೋಡಾದ ನೀರು ಬಿಟ್ಟು, ಕಾಯಿಸಿ, ಕಲಕಿ, ಆಮೇಲೆ ಉಪ್ಪು ಹಾಕಿ ಸುಮ್ಮನೆ ಬಿಟ್ರೆ ಸೋಪು ಮೇಲೆ ತೇಲುತ್ತೆ, ಕೊಳೆ ನೀರು ತಳಕ್ಕೆ ಹೋಗುತ್ತೆ ಅಂತ ಪುಸ್ತಕದಲ್ಲಿದೆ. ಆದರೆ ಜಯದೇವಪ್ಪನೋರ ಕೊಪ್ಪರಿಗೆ ಪುಸ್ತಕ ಓದಿರಲಿಲ್ಲ. ಅದರಿಂದ ಒಂದು ಸಲ ಅಂಬಲಿ ಬಂತು. ಇನ್ನೊಂದು ಸಲ ಇಟ್ಟಿಗೆ ಬಂತು. ಅಂಬಲಿಯಂಥ ಸೋಪನ್ನ ನಂಬಿ ಮೊಳಕಾಲ್ಮೂರಿನ ನೇಕಾರರೊಬ್ಬರು ರೇಷ್ಮೆ ಬೇಯಿಸಿದ್ರು. ಒಳಗೆ ಹೋಗಿದ್ದು ಸೀರೆ ನೂಲು, ಹೊರಗೆ ಬಂದಿದ್ದು ಗೋಣಿಚೀಲದ ನೂಲು.

ಆ ನೇಕಾರರ ಹೆಸರು ಯರ್ರಪ್ಪ. ಅವರ ಮಗಳ ಹೆಸರು ತೇಜಶ್ರೀ. ಗೋವರ್ಧನ ಮದುವೆ ಆಗಬೇಕಾಗಿದ್ದುದು ಅದೇ ತೇಜಶ್ರೀಯನ್ನ.

ನಿಶ್ಚಿತಾರ್ಥ ಒಂದು ಸಲ ಆಗಲೇ ತಪ್ಪಿತ್ತು. ಅವತ್ತು ಇಟ್ಟಿಗೆ ಬಂದ ದಿನ. ಗೋವರ್ಧನ ಹಾರೆ ಹಿಡಿದು ಕೊಪ್ಪರಿಗೆ ಒಳಗಿಂದ ಸೋಪು ಅಗೀತಿದ್ದ. ಯರ್ರಪ್ಪ ಫೋನಲ್ಲಿ ಹೇಳಿದ್ರು: "ಏಮಯ್ಯಾ ಅಲ್ಲುಡು, ಏನಪ್ಪಾ ಅಳಿಯ, ಈ ಸಲಾನೂ ಬರ್ಲಿಲ್ಲ ಅಂದ್ರೆ ಹುಡುಗೀನ ರಾಯದುರ್ಗದ ಲೈನ್‌ಮ್ಯಾನಿಗೆ ಕೊಡ್ತೀನಿ. ಕರೆಂಟು ಬರ್ದಿದ್ರೂ ಅವನು ಬರ್ತಾನೆ."

ಎರಡನೇ ಮುಹೂರ್ತ ಇವತ್ತು ಸಾಯಂಕಾಲ, ಮೊಳಕಾಲ್ಮೂರಲ್ಲಿ. ಇವತ್ತೇ ಬೆಂಗಳೂರಿನ ಕಂಪನಿಯ ಟ್ರಯಲ್ ಬ್ಯಾಚು. ಇದೊಂದು ಪಾಸಾದ್ರೆ ಕಂಪನಿ ವರ್ಷಗಟ್ಟಲೆ ಸೋಪು ಕೊಳ್ಳುತ್ತೆ.

"ಮಧ್ಯಾಹ್ನಕ್ಕೆ ಮುಗೀತೈತೆ ಕಣೋ," ಅಂತ ಜಯದೇವಪ್ಪನೋರು ಅಭಯ ಕೊಟ್ಟಿದ್ರು. "ತಳಕಿನ ಮೇಲೆ ಹೋಗೋ ಬಸ್ಸು ಹತ್ತಿದ್ರೆ ಹೊತ್ತು ಮುಳುಗೋದ್ರೊಳಗೆ ಮಾವನ ಮನೆ. ಮೊದ್ಲು ಸೋಪು ಗಟ್ಟಿ ಮಾಡು, ಆಮ್ಯಾಲೆ ಸಂಬಂಧ ಗಟ್ಟಿ ಮಾಡ್ಕೊ."

ಬೆಳಿಗ್ಗೆ ಬೆಂಗಳೂರಿಂದ ಮಾಲತಿ ಮೇಡಂ ಬಂದ್ರು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಇಸ್ತ್ರಿ ಮಾಡಿದಂಥ ಮುಖ. ಬಂದೋರೇ ಕಂಪ್ಯೂಟರ್ ಟೇಬಲ್ಲನ್ನ ರೂಮಿಂದ ಎಳೆಸಿ ಕೊಪ್ಪರಿಗೆ ಪಕ್ಕ ಹಾಕಿಸಿದ್ರು.

"ನೋಡಿ ಗೋವರ್ಧನ್, ನಿಯಮ ಸರಳ. ಬ್ಯಾಚ್ ಶುರುವಿನಿಂದ ಮುಗಿಯೋವರೆಗೂ ಇಲ್ಲಿ ಏನೇನು ನಡೆಯುತ್ತೋ ಅಷ್ಟೂ ಎಂಟ್ರಿ ಆಗ್ಬೇಕು. ಪ್ರತಿ ಕೆಲಸಕ್ಕೂ ಏನು ಒಳಗೆ ಹೋಯ್ತು, ಏನು ಹೊರಗೆ ಬಂತು, ಯಾವ ಉಪಕರಣ, ಯಾರು ಮಾಡಿದ್ದು. ಒಳಗೆ ಹೋಗಿದ್ದಕ್ಕೂ ಹೊರಗೆ ಬಂದಿದ್ದಕ್ಕೂ ತಾಳೆ ಆಗ್ಲಿಲ್ಲ ಅಂದ್ರೆ ಕೆಂಪು ಬರುತ್ತೆ. ಕೆಂಪು ಇದ್ರೆ ಮುಂದಕ್ಕೆ ಹೋಗಲ್ಲ."

"ಬರ್ಕಳಪ್ಪಾ, ಏನೂ ಬಿಡಬ್ಯಾಡ," ಅಂದ್ರು ಜಯದೇವಪ್ಪನೋರು. "ಹೋದ್ಸಲ ಏನೋ ಬಿಟ್ಟಿದ್ದಕ್ಕೇ ಇಟ್ಟಿಗೆ ಬಂದಿದ್ದು."

ಗೋವರ್ಧನ ಮೌಸ್ ಹಿಡಿದ. ಪಟ್ಟೀಲಿ ಸಾಲಾಗಿ ನಿಂತಿದ್ವು: ಆಡ್ ಅಂದ್ರೆ ಸೇರಿಸು, ಹೀಟ್ ಅಂದ್ರೆ ಕಾಯಿಸು, ಸ್ಟರ್ ಅಂದ್ರೆ ಕಲಕು, ಹೋಲ್ಡ್ ಅಂದ್ರೆ ಸುಮ್ನೆ ಕಾಯಿ. ಎಣ್ಣೆ ಸೇರಿಸಿದ್ದು ಎಂಟ್ರಿ ಆಯ್ತು. ಮುಂದಿನದು ಕಾಯಿಸು. ಬಾಯ್ಲರ್ ಕಡೆ ತಿರುಗಿ, "ಮರುಳಪ್ಪಣ್ಣ, ಉರಿ ಹಾಕು," ಅಂದ.

ಬಾಯ್ಲರ್ ಮರುಳಪ್ಪ ಅಲ್ಲಾಡಲಿಲ್ಲ. ಶೇಂಗಾ ಸಿಪ್ಪೆ ರಾಶಿ ಮುಂದೆ ತೆಂಗಿನಕಾಯಿ ಹಿಡ್ಕೊಂಡು, ಸ್ಟೇಜಿನ ಮೇಲೆ ಮಾತು ಮರೆತ ಪಾತ್ರಧಾರಿ ಥರ ನಿಂತಿದ್ದ.

"ಕಾಯಿ ಹೊಡೀದೆ ಹಚ್ಚೋದು ನಮ್ಮಪ್ಪನ ಕಾಲ್ದಾಗೂ ಇಲ್ಲ, ನನ್ನ ಕಾಲ್ದಾಗೂ ಇಲ್ಲ."

"ಅದೇನದು?" ಅಂದ್ರು ಮೇಡಂ.

"ಪೂಜೆ ಮೇಡಂ. ಸಂಪ್ರದಾಯ. ಇದೇನು ಎಂಟ್ರಿ ಬೇಡ ಬಿಡಿ," ಅಂದ ಗೋವರ್ಧನ.

"ಬ್ಯಾಚ್ ಶುರುವಾಗಿದೆಯಾ?"

"ಎಣ್ಣೆ ಹಾಕಿದೀವಿ."

"ಹಾಗಾದ್ರೆ ಎಂಟ್ರಿ."

ಕಾಯಿಸೋದು, ಕಾಯೋದು, ಕಾಯಿ ಒಡೆಯೋದು. ಜಯದೇವಪ್ಪನೋರ ಫ್ಯಾಕ್ಟ್ರಿಯ ಕೆಮಿಸ್ಟ್ರಿಯೆಲ್ಲ ಒಂದೇ ಧಾತುವಿನಿಂದ ಹುಟ್ಟಿದ್ದು ಅಂತ ಗೋವರ್ಧನನಿಗೆ ಅವತ್ತು ಹೊಳೀತು. ಪಟ್ಟೀನ ಮೇಲಿಂದ ಕೆಳಗೆ ಜಾಲಾಡಿದ. ಸೈಜ್ ರಿಡಕ್ಷನ್ ಅಂತ ಒಂದು ಸಿಕ್ತು, ದೊಡ್ಡದನ್ನ ಚಿಕ್ಕದು ಮಾಡೋದು. ಉಪಕರಣ: ಕಲ್ಲು. ಒಳಗೆ: ಕಾಯಿ. ಹೊರಗೆ: ಹೋಳು. ಸಾಫ್ಟ್‌ವೇರ್ ಕೆಂಪಾಯ್ತು.

"ತೂಕ ತಾಳೆ ಆಗ್ತಿಲ್ಲ," ಅಂದ್ರು ಮೇಡಂ. "ಕಾಯಿನೀರು ಎಲ್ಲಿ?"

ಎಲ್ಲರೂ ಮರುಳಪ್ಪನ ಕಡೆ ನೋಡಿದ್ರು. ಮರುಳಪ್ಪ ಟವೆಲ್ಲಿನಿಂದ ಮೀಸೆ ಒರೆಸಿಕೊಂಡ.

"ಇವನು ಕುಡಿದ್ಬಿಟ್ಟ ಮೇಡಂ," ಅಂದ ಗೋವರ್ಧನ.

"ಅಂದ್ರೆ ಟ್ರಾನ್ಸ್‌ಫರ್. ಯಾವುದರಿಂದ ಯಾವುದಕ್ಕೆ ಅಂತ ಹಾಕಿ."

ಕಾಯಿಯಿಂದ ಮರುಳಪ್ಪನಿಗೆ ಅಂತ ಹಾಕಿದ. ಸಾಫ್ಟ್‌ವೇರ್ ಒಪ್ಪಲಿಲ್ಲ. ಮರುಳಪ್ಪ ಅನ್ನೋ ಹೆಸರಿನ ಪಾತ್ರೆ ಪಟ್ಟೀಲಿಲ್ಲ ಅಂತು. ಹೊಸ ಪಾತ್ರೆ ನೋಂದಾಯಿಸಬೇಕು. ಎಷ್ಟು ಲೀಟರ್ ಹಿಡಿಯುತ್ತೆ, ಯಾವುದರಿಂದ ಮಾಡಿದ್ದು, ಮುಚ್ಚಳ ಇದೆಯಾ.

"ಮುಚ್ಚಳ ಇಲ್ಲ ಅಂತ ಹಾಕು," ಅಂದ್ರು ಜಯದೇವಪ್ಪನೋರು. "ಇದ್ದಿದ್ರೆ ಮುಚ್ಕೊಂಡಿರ್ತಿದ್ದ."

"ಎಷ್ಟು ಹಿಡಿಯುತ್ತೆ?" ಮೇಡಂ ಕೇಳಿದ್ರು.

"ಹಬ್ಬದ ದಿನ ಬ್ಯಾರೆ, ಮಾಮೂಲು ದಿನ ಬ್ಯಾರೆ," ಅಂದ ಮರುಳಪ್ಪ, ಬಹಳ ಪ್ರಾಮಾಣಿಕವಾಗಿ.

ಕರ್ಪೂರ ಹಚ್ಚಿದ್ದು ಸಬ್ಲಿಮೇಶನ್ ಅಂತ ಹೋಯ್ತು. ಕರ್ಪೂರ ಕರಗದೇ ನೇರ ಆವಿ ಆಗುತ್ತೆ ಅಂತ ಪಿಯುಸಿಲಿ ಉರು ಹೊಡೆದಿದ್ದು ಜೀವನದಲ್ಲಿ ಮೊದಲನೇ ಸಲ ಉಪಯೋಗಕ್ಕೆ ಬಂತು. ಬಾಯ್ಲರಿಗೆ ವಿಭೂತಿ ಬಳಿದಿದ್ದು ಕೋಟಿಂಗ್ ಆಯ್ತು. ಜಯದೇವಪ್ಪನೋರು ಕಣ್ಣು ಮುಚ್ಚಿ ಕೈ ಮುಗಿದಿದ್ದು ಹೋಲ್ಡ್.

ಅಂತೂ ಉರಿ ಹತ್ತಿತು. ಎಣ್ಣೆ ಕಾಯ್ತು. ಗೋವರ್ಧನ ಕಾಸ್ಟಿಕ್ ನೀರು ಬಿಡ್ತಾ, ಕೊಪ್ಪರಿಗೆಯ ಮೋಟರ್ ಹಾಕಿದ. ಕಲಕೋ ರೆಕ್ಕೆ ಗರಗರ ತಿರುಗಿತು. ಕೈಗಡಿಯಾರ ನೋಡ್ಕೊಂಡು, ಬಸ್ಸು ಸಿಗುತ್ತೆ ಅಂತ ಅವನು ಸಮಾಧಾನ ಪಡೋ ಹೊತ್ತಿಗೆ ಕರೆಂಟು ಹೋಯ್ತು.

ಕಂಪ್ಯೂಟರಿಗೆ ಲಾರಿ ಬ್ಯಾಟ್ರಿ ಕಟ್ಟಿದ ಯುಪಿಎಸ್ ಇತ್ತು. ಕೊಪ್ಪರಿಗೆಗೆ ಇರಲಿಲ್ಲ. ಅಂದ್ರೆ ಕೆಲಸ ನಿಂತ್ರೂ, ಕೆಲಸ ನಿಂತಿದೆ ಅಂತ ಬರೆಯೋ ಕೆಲಸ ನಿಲ್ಲೋ ಹಾಗಿರಲಿಲ್ಲ.

"ಕಲಕೋದು ನಿಂತ್ರೆ ಇಟ್ಟಿಗೇನೇ ಮತ್ತೆ," ಅಂತ ಗೋವರ್ಧನ ಚಡಪಡಿಸಿದ.

ಆಗ ಎದ್ದು ಬಂದೋಳು ರಂಗಕ್ಕ. ಸೋಪು ಕತ್ತರಿಸಿ ಪ್ಯಾಕ್ ಮಾಡೋ ಹೆಂಗಸು. ಮೊಳಕಾಲ್ಮೂರು ಅವಳ ತವರು, ಯರ್ರಪ್ಪನ ದೂರದ ತಂಗಿ, ಗೋವರ್ಧನನ ಸಂಬಂಧ ಕುದುರಿಸಿದೋಳೂ ಅವಳೇ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಿದಿರು ಗಳ ತಗೊಂಡು ಕೊಪ್ಪರಿಗೆಗೆ ಇಳಿಬಿಟ್ಟಳು.

"ಸರೀರಿ ಎಲ್ರೂ. ಮನೆ ತುಂಬ ಜನಕ್ಕೆ ಮುದ್ದೆ ತಿರುವಿದ ಕೈ ಇದು."

ತಿರುವಿದಳು. ಎಣ್ಣೆ ಹೆದರಿಕೊಂಡು ಸೋಪಾಗೋಕೆ ಶುರುವಾಯ್ತು.

"ಎಂಟ್ರಿ," ಅಂದ್ರು ಮೇಡಂ.

ಕಲಕೋ ಉಪಕರಣ ಯಾವುದು ಅಂತ ಸಾಫ್ಟ್‌ವೇರ್ ಕೇಳ್ತು. ಲಂಗರಿನ ಥರದ್ದು, ಫ್ಯಾನಿನ ಥರದ್ದು, ಕೊನೇಲಿ ‘ಇತರೆ’. ಗೋವರ್ಧನ ಇತರೆ ಒತ್ತಿ ರಂಗಕ್ಕ ಅಂತ ಟೈಪ್ ಮಾಡಿದ. ರಂಗಕ್ಕ ಗಳ ತಿರುವ್ತಾನೇ ಬಗ್ಗಿ ನೋಡಿದಳು.

"ಏನಂತ ಹಾಕ್ದೆ ನನ್ನ?"

"ಇತರೆ ಅಂತ ಅಕ್ಕ."

"ಇತರೇನಾ. ಹೆಣ್ಣು ಹುಡುಕಿ ಕೊಟ್ಟೋಳು ಇತರೆ, ಆ ಕಾಯಿನೀರು ಕುಡಿದೋನು ಪಾತ್ರೆ. ಚೆನ್ನಾಗೈತೆ ನಿನ್ನ ಕಂಪ್ಯೂಟ್ರು. ನೋಡ್ರೀ ಮೇಡಮ್ಮೋರೆ, ಈ ಹುಡುಗಂದು ಇವತ್ತು ನಿಶ್ಚಿತಾರ್ಥ. ಬಸ್ಸು ತಪ್ಪಿದ್ರೆ ಹುಡುಗಿ ಲೈನ್‌ಮ್ಯಾನ್ ಪಾಲು. ಈಗ್ಲೇ ಕಳ್ಸಿ ಇವ್ನ, ಮಿಕ್ಕಿದ್ದು ನಾ ತಿರುವ್ತೀನಿ."

"ಕಂಗ್ರಾಜುಲೇಶನ್ಸ್," ಅಂದ್ರು ಮಾಲತಿ ಮೇಡಂ, ಮುಖದ ಇಸ್ತ್ರಿ ಕೆಡದ ಹಾಗೆ. "ಆದ್ರೆ ಬ್ಯಾಚ್ ಮಧ್ಯೆ ಆಪರೇಟರ್ ಬದಲಾಗೋ ಹಾಗಿಲ್ಲ. ಅವರೆದ್ದು ಹೋದ್ರೆ ಬ್ಯಾಚ್ ರದ್ದು."

ಜಯದೇವಪ್ಪನೋರು ಗೋವರ್ಧನನ ಹೆಗಲ ಮೇಲೆ ಕೈ ಇಟ್ರು. ಪ್ರೀತಿಯಿಂದ ಅಂತ ಅವನು ಅಂದ್ಕೊಂಡ. ಏಳದ ಹಾಗೆ ಒತ್ತಿ ಹಿಡಿಯೋಕೆ ಅಂತ ಆಮೇಲೆ ಗೊತ್ತಾಯ್ತು.

ಬಸ್ಸು ಹೋಯ್ತು. ಹೋಗ್ತಾ ಫ್ಯಾಕ್ಟ್ರಿ ಮುಂದೆ ಒಂದು ಉದ್ದ ಹಾರನ್ನೂ ಹೊಡೀತು, ಎಂಟ್ರಿ ಮಾಡ್ಕೊ ಅನ್ನೋ ಹಾಗೆ.

ಗೋವರ್ಧನ ಆಫೀಸಿಂದ ಫೋನನ್ನ ವೈರ್ ಸಮೇತ ಎಳೆಸಿಕೊಂಡು ಮೊಳಕಾಲ್ಮೂರಿಗೆ ಮಾಡಿದ. ಒಂದು ಕೈಲಿ ರಿಸೀವರು, ಒಂದು ಕೈಲಿ ಮೌಸು.

"ಮಾವ, ಒಂದ್ ಸಣ್ಣ ತೊಂದ್ರೆ ಆಗೈತೆ."

"ಸೋಪಾ?" ಅಂದ್ರು ಯರ್ರಪ್ಪ.

"ಹ್ಞೂಂ ಮಾವ. ಇನ್ನೂ ಕುದೀತೈತೆ."

"ಇಲ್ಲೂ ಕುದೀತೈತೆ." ಆ ಕಡೆ ಯಾರಿಗೋ ಟೆಂಪೋ ತರೋಕೆ ಕೂಗಿದ್ದು ಕೇಳಿಸ್ತು. ಆಮೇಲೆ, "ಎಲ್ಲೂ ಹೋಗ್ಬ್ಯಾಡ. ಅಲ್ಲೇ ಇರು. ಮೇಮೇ ವಸ್ತಾಮು. ನಾವೇ ಬರ್ತೀವಿ."

"ಬರ್ತೀವಿ ಅಂದ್ರು," ಅಂತ ರಿಸೀವರ್ ಇಟ್ಟ ಗೋವರ್ಧನ.

"ಹೆಂಗಂದ್ರು? ಬೀಗ್ರು ಬಂದಂಗೋ, ಪೊಲೀಸ್ರು ಬಂದಂಗೋ?" ರಂಗಕ್ಕ ವಿಚಾರಿಸಿದಳು.

"ಅದು ಗೊತ್ತಾಗ್ಲಿಲ್ಲ."

ಕರೆಂಟು ಬಂತು. ಸೋಪು ಗಂಜಿಯಾಗಿ, ಗಂಜಿ ಗಟ್ಟಿಯಾಯ್ತು. ಗೋವರ್ಧನ ಉಪ್ಪು ಸುರಿಸಿ ಆಡ್ ಅಂತ ಒತ್ತಿದ. ಇನ್ನು ಉಳಿದದ್ದು ಹೋಲ್ಡ್ ಒಂದೇ. ಸೋಪು ಮೇಲೆ, ನೀರು ಕೆಳಗೆ ಹೋಗೋವರೆಗೂ ಯಾರೂ ಮುಟ್ಟಬಾರದು. ಜಯದೇವಪ್ಪನೋರಿಗೆ ಸಹಿಸೋಕೆ ಆಗದ ಹಂತ ಇದೊಂದೇ. ಪ್ರತಿ ಸಲ ಹತ್ತು ನಿಮಿಷಕ್ಕೇ "ಆಯ್ತೇನಲೇ, ಆಯ್ತೇನಲೇ" ಅಂತ ತಳದ ನಲ್ಲಿ ತಿರುವಿಬಿಡ್ತಿದ್ರು. ಇವತ್ತೂ ಕೈ ನಲ್ಲಿ ಕಡೆ ಹೋಗಿತ್ತು. ಅಷ್ಟರಲ್ಲಿ ಗೇಟಲ್ಲಿ ಟೆಂಪೋ ನಿಂತಿತು.

ಮೊದಲು ಯರ್ರಪ್ಪ ಇಳಿದ್ರು. ಬಿಳಿ ಪಂಚೆ, ಕೆಂಪು ಕಣ್ಣು. ಹಿಂದೆ ಹಣ್ಣು, ಹೂವು, ಎಲೆ ಅಡಿಕೆ ಜೋಡಿಸಿದ ತಟ್ಟೆಗಳು. ಅದರ ಹಿಂದೆ ಶಾಸ್ತ್ರ ಮಾಡಿಸೋ ಅಯ್ನೋರು. ದಾರೀಲಿ ಹತ್ತಿಸಿಕೊಂಡು ಬಂದಿದ್ದ ಗೋವರ್ಧನನ ಅವ್ವ ಪಾತಮ್ಮ. ಕೊನೇಲಿ ತೇಜಶ್ರೀ. ಅವರಪ್ಪನೇ ನೇಯ್ದ ಗಿಳಿಹಸಿರು ಸೀರೆ ಉಟ್ಟು, ಎಣ್ಣೆ ಬಿದ್ದ ನೆಲದ ಮೇಲೆ ಗಾಜಿನ ಮೇಲೆ ನಡೆದ ಹಾಗೆ ನಡ್ಕೊಂಡು ಬಂದಳು.

"ಬೆಟ್ಟ ನಮ್ಮ ತಾವ ಬರ್ಲಿಲ್ಲ. ನಾವೇ ಬೆಟ್ಟ ಹತ್ಕೊಂಡು ಬಂದ್ವಿ," ಅಂದ್ರು ಯರ್ರಪ್ಪ. "ಮುಹೂರ್ತ ಮೀರೋ ಹಾಗಿಲ್ಲ. ಇಲ್ಲೇ ಮುಗ್ಸಾಣ."

ಪಾತಮ್ಮ ಮಗನನ್ನ ಮೇಲಿಂದ ಕೆಳಗೆ ನೋಡಿ, ಮೂಗಿಗೆ ಸೆರಗು ಹಿಡಿದಳು. "ಮೈ ತೊಳ್ಕೊಂಡೀಯೇನೋ?"

"ಸೋಪಿನ ಫ್ಯಾಕ್ಟ್ರೀಲಿ ಅದಕ್ಕೊಂದು ಪುರುಸೊತ್ತು ಸಿಗಲ್ಲವ್ವಾ."

ಮಾಲತಿ ಮೇಡಂ ಎದ್ದು ನಿಂತ್ರು. ಎಲ್ಲರಿಗೂ ಈಗ ಜಗಳ ಅನ್ನಿಸಿತು. ಮೇಡಂ ಕೇಳಿದ್ದು ಒಂದೇ: "ಇದು ಹೋಲ್ಡ್ ಸಮಯದಲ್ಲೇ ಮುಗಿಯುತ್ತಾ?"

"ಮುಗೀತೈತೆ ತಾಯಿ," ಅಂದ್ರು ಅಯ್ನೋರು.

"ಹಾಗಾದ್ರೆ ಮಾಡ್ಕೊಳ್ಳಿ. ಆದ್ರೆ ಕೊಪ್ಪರಿಗೆ ಪಕ್ಕ ನಡೆಯೋದ್ರಿಂದ ಎಲ್ಲಾ ಎಂಟ್ರಿ ಆಗ್ಬೇಕು. ಮತ್ತೆ ಆಪರೇಟರ್ ಸೀಟು ಬಿಟ್ಟು ಏಳೋ ಹಾಗಿಲ್ಲ."

ಹೀಗೆ ಗೋವರ್ಧನನ ನಿಶ್ಚಿತಾರ್ಥ ಕಂಪ್ಯೂಟರ್ ಮುಂದೆ, ಸ್ಟೂಲಿನ ಮೇಲೆ, ಕೊಪ್ಪರಿಗೆ ಸಾಕ್ಷಿಯಾಗಿ ಶುರುವಾಯ್ತು. ಸೋಪಿನ ಹಬೆಗೆ ಅಯ್ನೋರ ಕನ್ನಡಕ ಮಂಜಾಗಿ, ಅವರು ಮೊದಲನೇ ಮಂತ್ರವನ್ನ ಮರುಳಪ್ಪನಿಗೆ ಹೇಳಿಬಿಟ್ರು. ಅವನನ್ನ ಪಕ್ಕಕ್ಕೆ ಎಳೆದು ಮತ್ತೆ ಶುರು ಮಾಡಿಸಬೇಕಾಯ್ತು.

"ಬಲಗೈ ಚಾಚಪ್ಪ," ಅಂದ್ರು ಅಯ್ನೋರು.

"ಬಲಗೈಲಿ ಮೌಸ್ ಇದೆ," ಅಂದ್ರು ಮೇಡಂ.

"ಮೌಸ್ ಅಂದ್ರೆ ಮೂಷಿಕ ತಾನೇ. ಗಣಪತಿ ಪೂಜೆ ಅದ್ರಾಗೇ ಆತು ಅನ್ಕಳ್ಳಾಣ," ಅಂತ ಅಯ್ನೋರು ಒಂದು ಹಂತ ಉಳಿಸಿದ್ರು.

ಎರಡೂ ಕಡೆಯೋರು ತಟ್ಟೆ ಬದಲಾಯಿಸಿಕೊಂಡ್ರು. ಹೊಸ ಸೀರೆ ಇದ್ದ ತಟ್ಟೆ ಗಂಡಿನ ಕಡೆಯಿಂದ ಹೆಣ್ಣಿನ ಕಡೆಗೆ, ಪಂಚೆ ಇದ್ದ ತಟ್ಟೆ ಈ ಕಡೆಗೆ. ಪಟ್ಟೀಲಿ ಅಯಾನ್ ಎಕ್ಸ್‌ಚೇಂಜ್ ಅಂತ ಇದ್ದದ್ದು ಹೇಳಿ ಮಾಡಿಸಿದ ಹಾಗೆ ಕೂತಿತು. ಅಕ್ಷತೆ ಎರಚಿದಾಗ ಅರ್ಧ ಗೋವರ್ಧನನ ತಲೆ ಮೇಲೆ, ಅರ್ಧ ಕೊಪ್ಪರಿಗೆ ಒಳಗೆ ಬಿತ್ತು.

"ಆಡ್," ಅಂದ್ರು ಮೇಡಂ.

ತೇಜಶ್ರೀ ಉಂಗುರ ತಗೊಂಡು ಬಂದಳು. ಗೋವರ್ಧನನ ಎಡಗೈಯ ಉಂಗುರದ ಬೆರಳು ಕೀಬೋರ್ಡ್ ಮೇಲಿತ್ತು. ಅವಳು ಆ ಬೆರಳನ್ನ ಹಿಡಿದು, ಅವನಿಗೆ ಮಾತ್ರ ಕೇಳೋ ಹಾಗೆ ಅಂದಳು: "ಹೋದ್ಸಲ ಇಟ್ಟಿಗೆ ಬಂತಂತೆ. ಈ ಸಲಾನೂ ಬಂದ್ರೆ ಮನೆ ಕಟ್ಟಾಕಾದ್ರೂ ಆಗ್ತೈತೆ ಬಿಡ್ರಿ."

ಗೋವರ್ಧನ ಆ ಕ್ಷಣವೇ ಪೂರ್ತಿ ಕರಗಿಹೋದ. ಉಂಗುರ ಸ್ವಲ್ಪ ಬಿಗಿ ಇತ್ತು, ಒತ್ತಿ ಕೂರಿಸಿದಳು. ಪಟ್ಟೀಲಿ ಅದಕ್ಕೆ ಕಪ್ಲಿಂಗ್ ಅಂತ ಸಿಕ್ತು, ಎರಡು ಬೇರೆಬೇರೆ ಅಣುಗಳನ್ನ ಬೆಸೆಯೋ ಕ್ರಿಯೆ. ಕ್ಯಾಟಲಿಸ್ಟ್ ಯಾವುದು ಅಂತ ಸಾಫ್ಟ್‌ವೇರ್ ಕೇಳ್ತು.

"ಹಂಗಂದ್ರೆ?" ಅಂದಳು ರಂಗಕ್ಕ.

"ತಾನು ಖರ್ಚಾಗದೆ ಬೇರೆಯೋರನ್ನ ಸೇರಿಸೋದು," ಅಂದ ಗೋವರ್ಧನ.

"ಹಂಗಾದ್ರೆ ನಾನೇ. ಬರಿ. ಇತರೆ ಅಂತ ಬರೆದ್ರೆ ಕೈ ಮುರೀತೀನಿ."

ಶಾಸ್ತ್ರ ಎಳೀತಾ ಹೋಯ್ತು. ಅಯ್ನೋರಿಗೆ ಕನ್ನಡಕ ಒರೆಸಿಕೊಳ್ಳೋದ್ರಲ್ಲೇ ಅರ್ಧ ಹೊತ್ತು. ಆಮೇಲೆ ರಂಗಕ್ಕ ಮಂಡಕ್ಕಿ ಒಗ್ಗರಣೆ ಹಂಚಿದಳು, ಮೆಣಸಿನಕಾಯಿ ಬಜ್ಜಿ ಬಂತು, ಬಜ್ಜಿ ಖಾರಕ್ಕೆ ಮರುಳಪ್ಪ ಅನ್ನೋ ಪಾತ್ರೆಗೆ ಮತ್ತೆರಡು ಚೊಂಬು ನೀರು ಟ್ರಾನ್ಸ್‌ಫರ್ ಆಯ್ತು. ಜಯದೇವಪ್ಪನೋರು ಬೀಗರ ಉಪಚಾರದಲ್ಲಿ ತಳದ ನಲ್ಲೀನೇ ಮರೆತ್ರು.

ಬೆಳಕು ಇಳಿಯೋ ಹೊತ್ತಿಗೆ ಮಾಲತಿ ಮೇಡಂ ಕೊಪ್ಪರಿಗೆ ಮೇಲಿನ ನೊರೆ ಸರಿಸಿದ್ರು.

ಮೇಲೆ ಸೋಪು ತೇಲ್ತಿತ್ತು. ಬೆಳ್ಳಗೆ, ನುಣ್ಣಗೆ, ಆಗಷ್ಟೇ ಕಡೆದ ಬೆಣ್ಣೆ ಥರ. ಇಂಥದ್ದು ಆ ಕೊಪ್ಪರಿಗೆ ಜನ್ಮದಲ್ಲಿ ಹಡೆದಿರಲಿಲ್ಲ.

ಮೇಡಂ ಚೂರು ತೆಗೆದು ಸ್ಪಿರಿಟ್ಟಲ್ಲಿ ಕರಗಿಸಿ, ಬಾಟಲಿಯಿಂದ ಎರಡು ಹನಿ ಬಿಟ್ರು. ಗುಲಾಬಿ ಬಣ್ಣ ಬಂದ್ರೆ ಸೋಡಾ ಜಾಸ್ತಿ, ಬ್ಯಾಚು ಫೇಲು. ಎಲ್ಲರೂ ಬಗ್ಗಿ ನೋಡಿದ್ರು. ಸೋಪಿಗೆ ಬಣ್ಣ ಬರಲೇ ಇಲ್ಲ. ತೇಜಶ್ರೀ ಒಂದು ಸಲ ತಿರುಗಿ ನೋಡಿದ್ದಕ್ಕೆ ಗುಲಾಬಿ ಆಗಿದ್ದು ಗೋವರ್ಧನ ಒಬ್ಬನೇ.

ಯರ್ರಪ್ಪನಿಗೆ ಆ ಹನಿಗಳ ಮೇಲೆ ನಂಬಿಕೆ ಇರಲಿಲ್ಲ. ಸೊಂಟದ ಗಂಟಿಂದ ಹಸಿ ರೇಷ್ಮೆ ನೂಲಿನ ಎಳೆ ತೆಗೆದು, ಆ ಸೋಪಿನ ನೀರಲ್ಲೇ ಕುದಿಸಿ, ಹಿಂಡಿ, ಬಲ್ಬಿನ ಕೆಳಗೆ ಹಿಡಿದ್ರು. ನೂಲು ಥಳಥಳ ಅಂತು. ಯರ್ರಪ್ಪ ಅದನ್ನ ಬೆರಳಿಂದ ನೀವಿ ನೀವಿ ನೋಡಿದ್ರು.

"ಬಾಗುಂದಿ," ಅಂದ್ರು. "ಚೆನ್ನಾಗೈತೆ ಅಲ್ಲುಡು. ಬಲು ಚೆನ್ನಾಗೈತೆ."

ಜಯದೇವಪ್ಪನೋರು ಕಣ್ಣೊರೆಸಿಕೊಂಡ್ರು. ಮಾಲತಿ ಮೇಡಂ ಮೌಸ್ ತಗೊಂಡು ಒಂದು ಕಡೆ ಒತ್ತಿದ್ರು. ಪರದೆ ಮೇಲೆ ಬೀಗದ ಚಿತ್ರ ಬಂತು.

"ಪ್ಲಾನ್ ಲಾಕ್ ಆಯ್ತು. ಕಂಪನಿ ನಿಮ್ಮ ಸೋಪನ್ನ ಒಪ್ಪಿದೆ. ಇನ್ನು ಪ್ರತಿ ಬ್ಯಾಚೂ ಇದೇ ಥರ, ಇದೇ ಕ್ರಮದಲ್ಲಿ ನಡೀಬೇಕು. ಮುಂದಿನದು ಗುರುವಾರ."

"ಆಗ್ಲಿ ತಾಯಿ," ಅಂದ್ರು ಜಯದೇವಪ್ಪನೋರು.

ಗೋವರ್ಧನನಿಗೆ ಎಲ್ಲಿಲ್ಲದ ಧೈರ್ಯ ಬಂತು. ಉಂಗುರ ಬೆರಳಲ್ಲಿ, ಕೆಲಸ ಕೈಯಲ್ಲಿ. "ಸಾಹುಕಾರ್ರೆ, ಮದುವೆಗೆ ಅಂತ ಮುಂದಿನ ತಿಂಗ್ಳು ನಾಕು ದಿನ ರಜ ಬೇಕಿತ್ತು."

"ಯಾರ ಮದುವೆಗೆ?" ಅಂದ್ರು ಮೇಡಂ.

"ನಂದೇ ಮೇಡಂ. ಇದೇ ತೇಜಶ್ರೀ ಜೊತೆ."

"ಅದು ಹೇಗಾಗುತ್ತೆ?" ಮೇಡಂ ನಿಜವಾಗಿಯೂ ಅರ್ಥ ಆಗದೋರ ಥರ ಪರದೆ ತೋರಿಸಿದ್ರು. "ಹೋಲ್ಡ್ ಸಮಯದಲ್ಲಿ ಇದೇ ಹುಡುಗ, ಇದೇ ಹುಡುಗಿ, ನಿಶ್ಚಿತಾರ್ಥ. ಲಾಕ್ ಆಗಿದೆ, ಅಳಿಸೋಕೆ ಬಟನ್ ಇಲ್ಲ. ಮದುವೆ ಆದೋರಿಗೆ ನಿಶ್ಚಿತಾರ್ಥ ಮಾಡೋಕಾಗುತ್ತಾ ಸ್ವಾಮಿ?" ಅಂತ ಅಯ್ನೋರನ್ನ ಕೇಳಿದ್ರು.

"ಶಾಸ್ತ್ರದಾಗೆ ಇಲ್ಲ," ಅಂದ್ರು ಅಯ್ನೋರು.

"ನೋಡಿ. ಕಚ್ಚಾ ಸಾಮಗ್ರಿ ಬದಲಾದ ಹಾಗಾಗುತ್ತೆ."

ಗೋವರ್ಧನ ಕೊಪ್ಪರಿಗೆ ಕಡೆ ಬೊಟ್ಟು ಮಾಡಿದ. "ಮೇಡಂ, ಸೋಪು ಚೆನ್ನಾಗ್ ಬಂದಿದ್ದು ನಿಶ್ಚಿತಾರ್ಥದಿಂದ ಅಲ್ಲ. ಸಾಹುಕಾರ್ರು ನಲ್ಲಿ ಮುಟ್ಟದೆ ಜಾಸ್ತಿ ಹೊತ್ತು ಬಿಟ್ರಲ್ಲ, ಅದ್ರಿಂದ."

"ಅದು ನಿಮ್ಮ ಅನಿಸಿಕೆ. ಅಕ್ಷತೆಯಿಂದ ಅಲ್ಲ ಅನ್ನೋಕೆ ಪ್ರೂಫ್ ಇದೆಯಾ? ಯಾವುದರಿಂದ ಬಂತು ಅಂತ ಗೊತ್ತಿಲ್ಲದೇ ಇರೋವಾಗ ಯಾವುದನ್ನೂ ಬಿಡಬಾರದು. ಬೇಕಿದ್ರೆ ಇನ್ನೊಂದು ಟ್ರಯಲ್ ಮಾಡಿ. ಕಂಪನಿ ಇವತ್ತಿನ ಒಪ್ಪಿಗೇನ ವಾಪಸ್ ತಗೊಂಡು, ಮೊದಲಿಂದ ನೋಡುತ್ತೆ."

"ಬ್ಯಾಡ ಬ್ಯಾಡ," ಅಂತ ಜಯದೇವಪ್ಪನೋರು ಅಡ್ಡ ಬಂದ್ರು.

ಗೋವರ್ಧನ ಕೊನೇ ಆಸೆಯಿಂದ ಯರ್ರಪ್ಪನ ಕಡೆ ತಿರುಗಿದ. "ಮಾವ, ನೀವಾದ್ರೂ ಹೇಳ್ರಿ."

ಯರ್ರಪ್ಪ ಆಗಲೇ ಹುಬ್ಬು ಗಂಟು ಹಾಕಿಕೊಂಡಿದ್ರು. "ಅಲ್ಲ ತಾಯಿ, ಮನೇಲಿ ಬೆಳೆದ ಹುಡುಗಿ ಐತೆ. ಬ್ಯಾಚಿಗೊಂದು ನಿಶ್ಚಿತಾರ್ಥ ಮಾಡ್ಕಂತ ಕೂತ್ರೆ ಲಗ್ನ ಯಾವಾಗ?"

"ಒಂದ್ನಿಮಿಷ ಯರ್ರಪ್ಪನೋರೆ," ಅಂತ ಜಯದೇವಪ್ಪನೋರು ಅವರ ಕೈ ಹಿಡಿದ್ರು. "ತಟ್ಟೇಲಿ ಹೊಸ ರೇಷ್ಮೆ ಸೀರೆ ಇಡ್ಲೇಬೇಕು, ಲಾಕ್ ಆಗೈತೆ. ಪ್ರತಿ ಬ್ಯಾಚಿಗೂ ಒಂದು. ಖರ್ಚು ಫ್ಯಾಕ್ಟ್ರೀದು. ನಿಮ್ಮ ಮಗ್ಗ ಬಿಟ್ಟು ಬ್ಯಾರೆ ಎಲ್ಲಿ ತರ್ಲಿ?"

ಯರ್ರಪ್ಪನ ಹುಬ್ಬಿನ ಗಂಟು ನಿಧಾನಕ್ಕೆ ಬಿಚ್ಚಿಕೊಂತು. ಆ ಸೋಪಿನಲ್ಲಿ ಬೇಯಿಸಿದ ಹಾಗೆ, ಒಂದು ಎಳೆಯೂ ಅಂಟಿಲ್ಲದೆ.

"ಅದೂ ಸರಿನೇ ಬಿಡು ಅಲ್ಲುಡು," ಅಂದ್ರು. "ಸಣ್ಣ ವಯಸ್ಸು ನಿಂದು. ಯಾಕಷ್ಟು ಅವಸರ."

"ತೇಜಶ್ರೀ, ನೀನು?" ಅಂದ ಗೋವರ್ಧನ.

ತೇಜಶ್ರೀ ತಟ್ಟೇಲಿದ್ದ ಹೊಸ ಸೀರೆ ಬಿಡಿಸಿ ಅಂಚು ನೋಡ್ತಿದ್ದಳು. "ಇದು ನೇರಳೆ. ಗುರುವಾರಕ್ಕೆ ಮಾವಿನಕಾಯಿ ಅಂಚಿಂದು ಇರ್ಲಿ ಅಪ್ಪಾಜಿ," ಅಂದಳು. ಆಮೇಲೆ ಗೋವರ್ಧನನ ಮುಖ ನೋಡಿ ಪಾಪ ಅನ್ನಿಸಿರಬೇಕು. "ನೀವೇನೂ ಯೋಚ್ನೆ ಮಾಡಬ್ಯಾಡ್ರಿ. ಪ್ರತಿ ಸಲ ನಾನೇ ಬರ್ತೀನಿ, ಬ್ಯಾರೆ ಯಾರ್ನೂ ಕಳ್ಸಲ್ಲ."

ಅಯ್ನೋರು ಗುರುವಾರದ ದಕ್ಷಿಣೆ ಬಗ್ಗೆ ಜಯದೇವಪ್ಪನೋರ ಕಿವೀಲಿ ಮಾತಾಡಿದ್ರು. ಪಾತಮ್ಮ ಮಗನಿಗೆ ದಿನಾ ದಿನಾ ಶುಭಕಾರ್ಯ ಆಗ್ತಿದೆಯಲ್ಲ ಅಂತ ದೃಷ್ಟಿ ತೆಗೆದಳು.

ಮಾಲತಿ ಮೇಡಂ ಬ್ಯಾಗ್ ಹೆಗಲಿಗೆ ಹಾಕಿಕೊಂಡೋರು, ಏನೋ ನೆನಪಾಗಿ ತಿರುಗಿದ್ರು.

"ಕೊನೇ ಹಂತ ಮರೆತಿದ್ದೆ. ಮುಂದಿನ ಬ್ಯಾಚಿಗೆ ಮೊದಲು ಎಲ್ಲಾ ಸಾಮಾನು ಶುರುವಲ್ಲಿ ಇದ್ದ ಸ್ಥಿತಿಗೆ ಬರ್ಬೇಕು. ಕೊಪ್ಪರಿಗೆ ತೊಳೀಬೇಕು. ಗಳ ಒಣಗಿಸಬೇಕು. ಉಂಗುರ ಡಬ್ಬಿ ಒಳಗೆ ಇರ್ಬೇಕು."

"ಉಂಗುರಾನಾ?"

"ಇಲ್ದಿದ್ರೆ ಗುರುವಾರ ಏನು ಹಾಕ್ತಾರೆ?"

ಗೋವರ್ಧನ ಕೈ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. "ಬರಲ್ಲ ಮೇಡಂ. ಬಿಗಿ ಐತೆ." ನಿಜಕ್ಕೂ ಬಿಗಿ ಇತ್ತು. ಜಯದೇವಪ್ಪನೋರು ಎಳೆದು ನೋಡಿದ್ರು, ಬರಲಿಲ್ಲ. ಮರುಳಪ್ಪ ಎಳೆದ, ಬೆರಳೇ ಬರೋ ಹಾಗಾಯ್ತು, ಉಂಗುರ ಅಲ್ಲಾಡಲಿಲ್ಲ. ಗೋವರ್ಧನನಿಗೆ ಬೆಳಿಗ್ಗೆಯಿಂದ ಮೊದಲನೇ ಸಲ ದೇವರ ಮೇಲೆ ನಂಬಿಕೆ ಬಂತು.

ಆಗ ರಂಗಕ್ಕ ಕೊಪ್ಪರಿಗೆಯಿಂದ ಒಂದು ಚಿಟಿಕೆ ಹೊಸ ಸೋಪು ತಗೊಂಡು ಬಂದು ಅವನ ಬೆರಳಿಗೆ ಸವರಿದಳು.

ಸೋಪು ಎಷ್ಟು ಚೆನ್ನಾಗಿ ಬಂದಿತ್ತು ಅಂದ್ರೆ, ಉಂಗುರ ಯಾರೂ ಎಳೆಯೋ ಮೊದಲೇ ಜಾರಿ ಹೋಗಿ ಡಬ್ಬಿ ಒಳಗೆ ಕೂತುಕೊಂತು.